ತಪ್ಪು ಸ್ಟ್ಯಾಂಡಿನಲ್ಲಿ ತೊಂಬತ್ತು ನಿಮಿಷ

2016ರ ಅಕ್ಟೋಬರ್ 19ರ ರಾತ್ರಿ ಕಂಠೀರವ ಕ್ರೀಡಾಂಗಣದಿಂದ ಹೊರಗೆ ಬರುವಾಗಲೇ ನಾವು ಕೆಲವರು ದೋಹಾಕ್ಕೆ ಹೋಗುವುದೆಂದು ತೀರ್ಮಾನಿಸಿಬಿಟ್ಟಿದ್ದೆವು. ಸೆಮಿಫೈನಲ್‌ನಲ್ಲಿ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೋಹೊರ್ ತಂಡ ಹನ್ನೊಂದನೇ ನಿಮಿಷಕ್ಕೇ ಗೋಲು ಹೊಡೆದು ನಮ್ಮ ಬಾಯಿ ಮುಚ್ಚಿಸಿತ್ತು. ಆಮೇಲೆ ನಮ್ಮ ಛೆಟ್ರಿ ಎರಡು, ಹುವಾನನ್ ಒಂದು. 3-1. ಭಾರತದ ಕ್ಲಬ್ಬೊಂದು ಏಷ್ಯಾದ ಫುಟ್‌ಬಾಲ್ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್ ತಲುಪಿದ್ದು ಅದೇ ಮೊದಲು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿಗೆ ಆಗಿನ್ನೂ ಮೂರು ವರ್ಷ.

ಫೈನಲ್ ದೋಹಾದಲ್ಲಿ, ನವೆಂಬರ್ 5ಕ್ಕೆ. ನಡುವೆ ದೀಪಾವಳಿ, ರಾಜ್ಯೋತ್ಸವ. ಭಾರತೀಯರಿಗೆ ಕತಾರ್ ವೀಸಾ ಇಲ್ಲದೆ ಬಿಡುತ್ತಿದ್ದ ಕಾಲ ಅದಲ್ಲ. ಆ ಸವಲತ್ತು ಬಂದದ್ದು ಮರುವರ್ಷ. ಉಡುಪಿ ಕಡೆಯ ನಮ್ಮ ಭಾವ ದೋಹಾದಲ್ಲಿದ್ದರು. ಕಾಗದಪತ್ರಕ್ಕೆಲ್ಲ ಅವರೇ ಓಡಾಡಿದರು. ವೀಸಾ ಕೈಗೆ ಸಿಗುವ ಹೊತ್ತಿಗೆ ಗೆಳೆಯರ ವಿಮಾನದಲ್ಲಿ ಸೀಟಿರಲಿಲ್ಲ. ಮಸ್ಕತ್ ಮೇಲೆ ಸುತ್ತುಹಾಕಿಕೊಂಡು ಒಬ್ಬನೇ ಹೋದೆ. ಕುರ್ಚಿಯಲ್ಲಿ ಕೂತೇ ರಾತ್ರಿ ಕಳೆದು ಬೆಳಿಗ್ಗೆ ಇಳಿದರೆ ಭಾವ ನಗುತ್ತ ನಿಂತಿದ್ದರು. “ಎಂತ ಮಾರಾಯ, ಒಂದು ಮ್ಯಾಚಿಗೋಸ್ಕರ ಇಷ್ಟು ದುಡ್ಡು ಸುರಿದು ಬಂದ್ಯಾ?” ಸಂಜೆ ಅವರಿಗೆ ಡ್ಯೂಟಿ. ಸ್ಟೇಡಿಯಂ ಹತ್ತಿರ ಇಳಿಸಿ ಹೋದರು.

ಅಲ್ಲಿಂದ ಶುರು ನನ್ನ ಪಾಡು. ಎದುರಾಳಿ ಬಾಗ್ದಾದಿನ ಅಲ್-ಕುವಾ ಅಲ್-ಜವಿಯಾ, ಅಂದರೆ ಇರಾಕಿನ ವಾಯುಪಡೆಯ ಕ್ಲಬ್. ಅವರ ಬಣ್ಣವೂ ನೀಲಿ, ನಮ್ಮದೂ ನೀಲಿ. ಗೇಟಿನಲ್ಲಿದ್ದವನು ನನ್ನ ಅಂಗಿ ನೋಡಿದ, ಕೈ ತೋರಿಸಿದ, ಹಿಂದಿನಿಂದ ಜನ ನೂಕಿದರು. ಮೆಟ್ಟಿಲು ಹತ್ತಿ ಮೇಲೆ ಬಂದು ನೋಡಿದರೆ ಸುತ್ತಲೂ ಇರಾಕಿಗಳು. ನಮ್ಮವರು ದೂರದಲ್ಲಿ, ಒಂದು ಮೂಲೆಯಲ್ಲಿ. ನಡುವೆ ಬೇಲಿ, ಕಾವಲಿನವರು. ಟಿಕೆಟ್ ತೋರಿಸಿ ಆ ಕಡೆ ಬಿಡಿ ಅಂದೆ. ಕೂತ್ಕೋ ಎಂದು ಕೈಸನ್ನೆ ಮಾಡಿದರು. ಬೆಂಗಳೂರಿನಿಂದ ತಂದಿದ್ದ ಹಳದಿ-ಕೆಂಪು ಬಾವುಟವನ್ನು ಮಡಚಿ ತೊಡೆಯ ಕೆಳಗಿಟ್ಟುಕೊಂಡು ಕೂತೆ, ಯಾರದೋ ಮದುವೆಗೆ ನುಗ್ಗಿ ಪಂಕ್ತಿಯಲ್ಲಿ ಕೂತವನ ಹಾಗೆ.

ಹೆದರಿಕೆಯೇನೂ ಆಗಲಿಲ್ಲ. ಯಾರೂ ಒರಟಾಗಿ ನಡೆದುಕೊಳ್ಳಲಿಲ್ಲ. ಆದರೆ ಕಂಠೀರವದ ವೆಸ್ಟ್ ಬ್ಲಾಕಿನಲ್ಲಿ ಒಂದು ನಿಮಿಷವೂ ಕೂರದೆ ಕಿರುಚುವವನಿಗೆ ಬಾಯಿ ಹೊಲಿದುಕೊಂಡು ಫೈನಲ್ ನೋಡುವುದು ಎಂಥ ಹಿಂಸೆ ಎಂದು ಹೇಗೆ ಹೇಳಲಿ! ಹಳದಿ ಕಾರ್ಡುಗಳಿಂದಾಗಿ ನಮ್ಮ ಗೋಲ್‌ಕೀಪರ್ ಅಮರಿಂದರ್ ಹೊರಗಿದ್ದ. ಗೋಲಿನಲ್ಲಿದ್ದ ರಾಲ್ಟೆ ಚೆಂಡು ತಡೆದಾಗೆಲ್ಲ ನನ್ನ ಸುತ್ತ ಹಾಯ್ ಎಂಬ ಉದ್ಗಾರ. ನಾನು ಒಳಗೊಳಗೇ ಮುಷ್ಟಿ ಬಿಗಿಯುತ್ತಿದ್ದೆ. ದೂರದಲ್ಲಿ ನಮ್ಮವರ ಕೈ ಆಡುವುದು ಕಾಣುತ್ತಿತ್ತು, ಹಾಡು ಮಾತ್ರ ಇಲ್ಲಿಯ ತಮಟೆಯಲ್ಲಿ ಮುಳುಗಿಹೋಗುತ್ತಿತ್ತು.

ವಿರಾಮದಲ್ಲಿ ಪಕ್ಕದ ಹಿರಿಯರಿಗೆ ನಾನು ಎಲ್ಲಿಯವನೆಂದು ಗೊತ್ತಾಯಿತು. ನಕ್ಕರು. ಹರುಕು ಇಂಗ್ಲಿಷಿನಲ್ಲಿ, ಇದೇ ನಮ್ಮ ಹೋಮ್ ಗ್ರೌಂಡ್ ಅಂದರು. ನಿಜವೇ. ಭದ್ರತೆಯ ಕಾರಣಕ್ಕೆ ಇರಾಕಿನಲ್ಲಿ ಅಂತರರಾಷ್ಟ್ರೀಯ ಪಂದ್ಯ ನಡೆಸಲು ಆಗ ಅನುಮತಿ ಇರಲಿಲ್ಲ. ಆ ಕ್ಲಬ್ ತನ್ನ ‘ತವರಿನ’ ಪಂದ್ಯಗಳನ್ನು ದೋಹಾದಲ್ಲೇ ಆಡುತ್ತಿತ್ತು. ಇರಾಕಿನಲ್ಲಿ ಮೊಸುಲ್ ನಗರದ ಮರುವಶಕ್ಕೆ ಯುದ್ಧ ಶುರುವಾಗಿ ಮೂರು ವಾರವೂ ಕಳೆದಿರಲಿಲ್ಲ. ಪರಸ್ಥಳಕ್ಕೆ ಬಂದ ಅಭಿಮಾನಿ ನಾನೊಬ್ಬನೇ ಅಂದುಕೊಂಡಿದ್ದೆನಲ್ಲ, ಅವರ ತವರೂ ಬಾಡಿಗೆಯದೇ. ಇದು ತಿಳಿದು ನನ್ನ ಸಂಕಟವೇನಾದರೂ ಇಳಿಯಿತೇ ಅಂದರೆ, ಇಲ್ಲ. ನಮ್ಮವರು ಗೆಲ್ಲಲಿ ಎಂದೇ ಕೂತಿದ್ದೆ.

ಎಪ್ಪತ್ತನೇ ನಿಮಿಷದ ಆಸುಪಾಸು. ಅಮ್ಜದ್ ರಾಧಿ ಕೊಟ್ಟ ಚೆಂಡನ್ನು ಹಮ್ಮಾದಿ ಅಹ್ಮದ್ ಒಳಗೆ ತಳ್ಳಿದ. ಆ ಟೂರ್ನಿಯಲ್ಲಿ ಅದು ಅವನ ಹದಿನಾರನೇ ಗೋಲು. ಸ್ಟ್ಯಾಂಡ್ ಕುಣಿಯಿತು. ಹಿಂದಿನ ಸಾಲಿನ ಹುಡುಗನೊಬ್ಬ ನನ್ನ ನೀಲಿ ಅಂಗಿ ನೋಡಿ ತಮ್ಮವನೇ ಎಂದುಕೊಂಡು ಕುತ್ತಿಗೆಗೆ ಜೋತುಬಿದ್ದ, ಕೆನ್ನೆಗೆ ಮುತ್ತು ಕೊಟ್ಟ. ಬಿಡಿಸಿಕೊಳ್ಳಲಿಲ್ಲ. ಏನಂತ ಬಿಡಿಸಿಕೊಳ್ಳುವುದು? ಪಕ್ಕದ ಹಿರಿಯರು ಮಾತ್ರ ನನ್ನ ಮುಖ ನೋಡಿ ಅವನಿಗೆ ಅರಬ್ಬಿಯಲ್ಲಿ ಏನೋ ಗದರಿದರು. ಉಳಿದ ಇಪ್ಪತ್ತು ನಿಮಿಷ ನನಗೆ ಸರಿಯಾಗಿ ನೆನಪಿಲ್ಲ. 1-0.

ಸೀಟಿ ಊದಿದ ಮೇಲೆ ಕಾವಲಿನವರ ಬಿಗಿ ಸಡಿಲವಾಯಿತು. ಅರ್ಧ ಸ್ಟೇಡಿಯಂ ಸುತ್ತಿ ನಮ್ಮವರನ್ನು ಸೇರಿಕೊಂಡೆ. ಎಲ್ಲರ ಕಣ್ಣೂ ಕೆಂಪು. ಆಟಗಾರರು ಚಪ್ಪಾಳೆ ತಟ್ಟುತ್ತ ನಮ್ಮತ್ತ ಬರುತ್ತಿದ್ದರು. ಕೂಗೋಣ ಅಂದರೆ ಒಬ್ಬರಿಗೂ ಸ್ವರ ಉಳಿದಿರಲಿಲ್ಲ. ನನ್ನ ಗಂಟಲು ಹೊಚ್ಚಹೊಸದಾಗಿತ್ತು. ಬಾವುಟ ಬಿಚ್ಚಿ, ಛೆಟ್ರಿಯ ಹೆಸರಿನಿಂದ ಶುರುಮಾಡಿ, ರಾಲ್ಟೆಯನ್ನೂ ಬಿಡದೆ, ತಂಡದ ಪಟ್ಟಿ ಮುಗಿಯುವ ತನಕ ಒಬ್ಬನೇ ಕಿರುಚಿದೆ. “ಇಷ್ಟು ಹೊತ್ತು ಎಲ್ಲಿ ಸತ್ತಿದ್ದೆ ಮಗಾ?” ಎಂದು ಗೆಳೆಯ ಹೆಗಲು ಹಿಡಿದು ಅಲುಗಾಡಿಸುತ್ತಲೇ ಇದ್ದ.