ವೈನಿ ಆಪರೇಷನ್ನು, 42 ದಿನದ ಪಗಾರ

ಗರ್ಭಕೋಶ ತಗಸೋ ಆಪರೇಷನ್ ಆದಮ್ಯಾಲೆ ಆರು ವಾರ ಭಾರ ಎತ್ತಬ್ಯಾಡ್ರಿ ಅಂತ ಡಾಕ್ಟರ್ ಹೇಳ್ತಾರ. ಮನ್ಯಾಗಿರೋ ಹೆಣ್ಣಮಕ್ಕಳಿಗೇ ಅದು ಆಗೂದಿಲ್ಲ, ಹದಿನೈದನೇ ದಿನಕ್ಕ ತುಂಬಿದ ಕೊಡಾ ಎತ್ತಿರ್ತಾರ. ಇನ್ನ ಫ್ಯಾಕ್ಟರಿಗೆ ಹೋಗಾಕಿ ಏನ ಮಾಡಬೇಕು? ಮನ್ಯಾಗ ಕೂತರ ಪಗಾರಿಲ್ಲ.

ನಮ್ಮ ವೈನಿ ಹುಬ್ಬಳ್ಳ್ಯಾಗ ಒಂದು ಫ್ಯಾಕ್ಟರ್ಯಾಗ ಪ್ಯಾಕಿಂಗ್ ಕೆಲಸಾ ಮಾಡ್ತಾಳ, ತಿಂಗಳಿಗೆ 13,000. ಹೋದ ವರ್ಷ ಆಗಸ್ಟ್‌ನ್ಯಾಗ ಆಪರೇಷನ್ ಆತು. ಸೂಪರ್‌ವೈಸರ್ ಫೋನ್ ಮಾಡಿ, "ಹತ್ತು ದಿನ ಬಿಟ್ಟು ಬಂದಬಿಡ್ರಿ ಅಕ್ಕಾರ, ಇಲ್ಲಾಂದ್ರ ಪಗಾರ ಕಟ್" ಅಂದ. ಈಕಿ ಹೂಂ ಅಂದು ಫೋನ್ ಇಟ್ಟಳು. ದಿನಾ ಡಬ್ಬಿ ಎತ್ತಿ ಎತ್ತಿ ಇಡೋ ಕೆಲಸಾ ಅದು! ಅಣ್ಣಂದು ಆಗ ಕೆಲಸಾ ಸರಿ ಇರಲಿಲ್ಲ, ಮಗಳ ಕಾಲೇಜ್ ಫೀ ತುಂಬೋದಿತ್ತು. ಆಕಿ ಹೂಂ ಅಂದಿದ್ದು ಯಾಕಂತ ನನಗೂ ಗೊತ್ತಿತ್ತು.

ನಾ ಆಕಿ ಪಗಾರ ಚೀಟಿ ತಗಸಿ ನೋಡಿದೆ. ಪಿಎಫ್ ಕೆಳಗ ಇಎಸ್‌ಐ ಅಂತ 98 ರೂಪಾಯಿ ಮುರದಿದ್ರು. "ಇದು ಯಾತಕ್ಕ ಹೋಗ್ತದ ವೈನಿ?" ಅಂದ್ರ, "ದವಾಖಾನಿಗೆ, ಗುಳಿಗಿಗೆ" ಅಂದಳು. ಭಾಳ ಮಂದಿ ಅಷ್ಟ ತಿಳಕೊಂಡಾರ. ಆ ರೊಕ್ಕ ಬರೇ ಗುಳಿಗಿಗಲ್ಲ, ಜಡ್ಡು ಬಂದು ಮನ್ಯಾಗ ಕೂತಾಗ ಪಗಾರದ ಬದಲಿ ಬರೋ ರೊಕ್ಕಕ್ಕೂ ಅದs. ತಿಂಗಳಿಗೆ 21,000ದೊಳಗ ಪಗಾರ ಇದ್ದವರಿಗೆ ಇಎಸ್‌ಐ ಇರ್ತದ. ನಮ್ಮ ಪಗಾರದಾಗ ನೂರಕ್ಕ ಮುಕ್ಕಾಲು ರೂಪಾಯಿ ಹೋದ್ರ, ಮಾಲಕರು ಮೂರೂಕಾಲು ರೂಪಾಯಿ ತುಂಬಬೇಕು. ಧರ್ಮಕ್ಕ ಕೊಡೋದಲ್ಲ ಇದು, ನಮ್ಮ ದುಡಿಮಿದು.

ಲೆಕ್ಕ ಹಿಂಗದ. ಜಡ್ಡಿನ ಸುಟಿಗೆ ದಿನದ ಸರಾಸರಿ ಪಗಾರದಾಗ ನೂರಕ್ಕ 70 ಕೊಡ್ತಾರ, ವರ್ಷಕ್ಕ ಹೆಚ್ಚಂದ್ರ 91 ದಿನ. ಮೊದಲನೇ ಎರಡು ದಿನಕ್ಕ ಇಲ್ಲ. ವೈನಿಗೆ ದಿನಕ್ಕ 500 ಬೀಳ್ತಿತ್ತು, ಅದರ 70 ಪಾಲು ಅಂದ್ರ 350. ಆರು ವಾರಕ್ಕ 42 ದಿನ, ಎರಡು ಕಳದ್ರ 40, ಒಟ್ಟು 14,000. ಪೂರಾ ಪಗಾರ ಅಲ್ಲ ಖರೆ. ಆದ್ರ ಹೊಟ್ಟಿ ಮ್ಯಾಲಿನ ಹೊಲಿಗಿ ಹಸಿ ಇರೋವಾಗ ಡಬ್ಬಿ ಎತ್ತೋದು ತಪ್ಪತದಲ್ಲ.

ಒಂದು ಕಟ್ಟು ಅದ. ಹಿಂದಿನ ಆರು ತಿಂಗಳ ಪಾಳಿಯೊಳಗ 78 ದಿನದ ವಂತಿಗಿ ತುಂಬಿರಬೇಕು. ಜುಲೈದಿಂದ ಡಿಸೆಂಬರ್‌ದೊಳಗ ಜಡ್ಡು ಬಿದ್ದರ ಅದರ ಹಿಂದಿನ ಅಕ್ಟೋಬರ್‌ದಿಂದ ಮಾರ್ಚ್‌ತನಕ ನೋಡ್ತಾರ. ಜನವರಿಯಿಂದ ಜೂನ್‌ದೊಳಗ ಬಿದ್ದರ ಏಪ್ರಿಲ್‌ದಿಂದ ಸೆಪ್ಟೆಂಬರ್. ಮೊನ್ನೆ ಮೊನ್ನೆ ಸೇರಿದ ಹುಡುಗ್ಯಾರಿಗೆ ಔಷಧ ಸಿಗ್ತದ, ಈ ರೊಕ್ಕ ಸಿಗಾಕ ಸುಮಾರು ಒಂಬತ್ತು ತಿಂಗಳು ಬೇಕು. ಇದು ನನಗ ಸರಿ ಅನಸೂದಿಲ್ಲ. ಜಡ್ಡು ಕ್ಯಾಲೆಂಡರ್ ನೋಡಿ ಬರ್ತದೇನು?

ಇನ್ನ ಚೀಟಿ. ಪಗಾರದ ರೊಕ್ಕಕ್ಕ ಇಎಸ್‌ಐ ಡಾಕ್ಟರ್ ಬರದ ಸರ್ಟಿಫಿಕೇಟೇ ಬೇಕು. ಖಾಸಗಿ ದವಾಖಾನಿ ಕಾಗದ ಅಷ್ಟ ಇದ್ದರ ಅದನ್ನೂ ಇಎಸ್‌ಐ ಡಾಕ್ಟರ್‌ಗೆ ತೋರಿಸಿ ಬರಸ್ಕೋಬೇಕು. ಸಾಮಾನ್ಯವಾಗಿ ವಾರಕ್ಕೊಮ್ಮೆ ಹೋಗಿ ಮುಂದಿಂದು ಬರಸಬೇಕು, ಕಡೀಕ ಕೆಲಸಕ್ಕ ಹೋಗಬಹುದು ಅಂತ ಫಿಟ್ನೆಸ್ ಚೀಟಿ. ಅಣ್ಣ ರಿಕ್ಷಾದಾಗ ಕೂಡಿಸ್ಕೊಂಡು ಹೋಗ್ತಿದ್ದ, ನಾ ಹಿಂದ ದಿಂಬು ಹಿಡ್ಕೊಂಡು. ಆ ತೊಂದ್ರಿ ಅದs, ಸುಳ್ಳ ಯಾಕ ಹೇಳ್ಲಿ.

ಆಪರೇಷನ್ ಆದಮ್ಯಾಲೆ ತವರುಮನಿಗೆ ಹೋಗೋದು ನಮ್ಮ ರೂಢಿ. ವೈನಿ ಅವ್ವಾರೂ ಕರಿಯಾಕ ಬಂದಿದ್ರು. ಈ ರೊಕ್ಕ ತಗೊಳ್ಳೋವಾಗ ಡಾಕ್ಟರ್‌ನ ಕೇಳದ ಊರು ಬಿಟ್ಟು ಹೋಗಬಾರದು ಅಂತ ನಿಯಮ ಅದ. ಹಿಂಗಾಗಿ ಅವ್ವಾರೇ ಇಲ್ಲಿ ಹದಿನೈದು ದಿನ ಇದ್ದು ಅಂಟಿನುಂಡಿ ಕಟ್ಟಿಕೊಟ್ಟು ಹೋದ್ರು. ಆ ದಿನಗಳೊಳಗ ಬ್ಯಾರೆ ಕಡೆ ದುಡಿಯೂ ಹಂಗಿಲ್ಲ. ಪಗಾರದ ಸುಟಿ ಹಾಕಿದ ದಿನಕ್ಕ ಇಎಸ್‌ಐ ರೊಕ್ಕಾನೂ ಬರೂದಿಲ್ಲ, ಎರಡರಾಗ ಒಂದು.

ಸೂಪರ್‌ವೈಸರ್‌ಗೆ ವೈನಿ ತಾನs ಫೋನ್ ಮಾಡಿ, "ಚೀಟಿ ಕಳಸ್ತೀನಿ, ಆರು ವಾರ ಬರೂದಿಲ್ಲ" ಅಂದಳು. ಆತ ಸ್ವಲ್ಪ ಗುರುಗುರು ಅಂದ. ಚೀಟಿ ನೋಡಿದಮ್ಯಾಲೆ ಸುಮ್ಮನಾದ. ರೊಕ್ಕ ಎರಡು ಸಲ ಖಾತೆಗೆ ಬಂತು.

ಕೆಲಸದಾಗ ಪೆಟ್ಟಾದ್ರ ಲೆಕ್ಕ ಬ್ಯಾರೆ. ಆಗ ನೂರಕ್ಕ 90, ಆ 78 ದಿನದ ಕಟ್ಟೂ ಇಲ್ಲ, ಸೇರಿದ ಮೊದಲನೇ ದಿನ ಬಿದ್ದರೂ ಅದ. ಮನಿಯಿಂದ ಕೆಲಸಕ್ಕ ಹೋಗೋ ದಾರ್ಯಾಗ ಗಾಡಿ ಮ್ಯಾಲಿಂದ ಬಿದ್ದರೂ, ಕೆಲಸಕ್ಕ ಹೊಂಟಿದ್ದೇ ಅಂತ ತೋರಿಸಿದ್ರ ಅದರಾಗ ಬರ್ತದ. ಸಂತಾನಹರಣ ಆಪರೇಷನ್ ಆದ ಹೆಣ್ಣಮಕ್ಕಳಿಗೆ 14 ದಿನ ಪೂರಾ ಪಗಾರ. ಬಾಣಂತನಕ್ಕ 26 ವಾರ, ಅದೂ ಪೂರಾ.

ಓಣ್ಯಾಗ ಫ್ಯಾಕ್ಟರಿಗೆ ಹೋಗೋರು ಪಗಾರ ಚೀಟಿ ತರ್ರಿ, ಕೂಡಿ ನೋಡೋಣು. ಇಎಸ್‌ಐ ಕಾರ್ಡ್‌ನ್ಯಾಗ ಹತ್ತು ಅಂಕಿ ನಂಬರ್ ಇರ್ತದ, ಅದನ್ನೂ ತರ್ರಿ. ಮಧ್ಯಾಹ್ನ ಮೂರರ ಮ್ಯಾಲೆ ನಾ ಮನ್ಯಾಗs ಇರ್ತೀನಿ.