ಗುಂಜಿಯ ಬೇಸಿಗೆ ಓಟ

ಬೆಳಗಾವಿಯಿಂದ ಖಾನಾಪುರ ದಾಟಿ ಲೋಂಡಾ ಕಡೆಗೆ ಹೊರಟರೆ ದಾರಿಯಲ್ಲಿ ನಮ್ಮ ಗುಂಜಿ. ಸುತ್ತ ಕಾಡು, ಚಿಕ್ಕ ರೈಲು ನಿಲ್ದಾಣ, ಮಾವುಲಿ ದೇವಿಯ ಗುಡಿ. ಕನ್ನಡ, ಮರಾಠಿ ಎರಡೂ ಒಂದೇ ಕಟ್ಟೆಯ ಮೇಲೆ ಕೂತು ಹರಟುವ ಊರು.

ಈ ಬೇಸಿಗೆಯಲ್ಲಿ ಪುರುಸೊತ್ತೇ ಇರಲಿಲ್ಲ. ಎರಡು ಮದುವೆ, ಒಂದು ಜವಳ, ಒಂದು ಗೃಹಪ್ರವೇಶ. ಹೋದಲ್ಲೆಲ್ಲ ಹೋಳಿಗೆ, ಬೆಳಗಾವಿಯ ನೆಂಟರು ಬಂದರೆ ಕುಂದಾ. ಬ್ಯಾಂಕಿನಲ್ಲಿ ಜಮಾ-ಖರ್ಚು ಬರೆದು ನಿವೃತ್ತನಾದವನಿಗೆ, ಹೊಟ್ಟೆಯಲ್ಲಿ ಬರೀ ಜಮಾ ಆಗುತ್ತಿರುವುದು ತಿಳಿಯದೇ? ಖರ್ಚಿಗೆಂದು, ರಜೆಗೆ ಬಂದ ಮೊಮ್ಮಗಳ ಜೊತೆ ನಸುಕಿನಲ್ಲಿ ಓಡತೊಡಗಿದೆ. ಮನೆಯಿಂದ ನಿಲ್ದಾಣದವರೆಗೆ, ಅಷ್ಟೇ. ದಾರಿಯಲ್ಲಿ ಕವಳಿ ಹಣ್ಣು ಕಂಡರೆ ಓಟಕ್ಕೆ ವಿರಾಮ.

ಹೋದ ವರ್ಷ ನಾನೇ ಮುಂದೆ ಹೋಗಿ ಅವಳಿಗಾಗಿ ಕಾಯುತ್ತಿದ್ದೆ. ಈ ಸಲ ಮುಂದಿದ್ದವಳು ಅವಳು. ನನಗೆ ದಮ್ಮು ಹತ್ತಿದ್ದು ಕಂಡು, "ಅಜ್ಜಾ, ಬೂಟಿನ ಲೇಸು ಬಿಚ್ಚೇತಿ, ತಡಿ" ಎಂದು ಬಗ್ಗಿದಳು. ಹತ್ತಿರ ಹೋಗಿ ನೋಡಿದೆ. ಲೇಸು ಗಟ್ಟಿಯಾಗಿಯೇ ಇತ್ತು! ನಾನು ಏನೂ ಅನ್ನಲಿಲ್ಲ.

ಜೂನ್ ಮಳೆ ಹಿಡಿಯಿತು. ಶಾಲೆ ಶುರುವಾಗಿ ಅವಳು ಬೆಳಗಾವಿಗೆ ಹೋದಳು. ನಾನು ಮಾತ್ರ ಛತ್ರಿ ಹಿಡಿದು ದಿನವೂ ನಿಲ್ದಾಣದವರೆಗೆ ನಡೆಯುತ್ತೇನೆ. ಮುಂದಿನ ಬೇಸಿಗೆಯಲ್ಲಿ ಅವಳನ್ನು ಬಹಳ ಹೊತ್ತು ಕಾಯಿಸಬಾರದಲ್ಲ!