ಇಳಿದವರು ಹತ್ತಲೇಬೇಕು

ಬೆಟ್ಟ ಹತ್ತುವುದು ನಮಗೆ ಹೊಸದಲ್ಲ. ಕುಮಾರಪರ್ವತವಿರಲಿ, ಮುಳ್ಳಯ್ಯನಗಿರಿಯಿರಲಿ, ಏರುವಾಗಲೇ ಅದು ನಮ್ಮ ಕಾಲಿನ ಕಸುವನ್ನು ಅಳೆದು ಹೇಳಿಬಿಡುತ್ತದೆ. ಸುಸ್ತಾಯಿತೆನ್ನಿ, ಅಲ್ಲಿಂದಲೇ ಹಿಂದಿರುಗಬಹುದು. ಮನೆಯ ದಾರಿ ಹೇಗೂ ಇಳಿಜಾರು. ಅಮೆರಿಕದ ಅರಿಜೋನಾ ರಾಜ್ಯದಲ್ಲಿರುವ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಈ ಲೆಕ್ಕ ತಲೆಕೆಳಗು. ಅಲ್ಲಿ ಮೊದಲು ಇಳಿಯಬೇಕು, ಆಮೇಲೆ ಏರಬೇಕು. ಬೆಳಗಿನ ತಂಪಿನಲ್ಲಿ, ಹುಮ್ಮಸ್ಸಿನ ಕಾಲುಗಳಿಗೆ ಇಳಿಜಾರು ಸಿಗುತ್ತದೆ. ಬಿಸಿಲೇರಿದ ಮೇಲೆ, ದಣಿದ ಕಾಲುಗಳಿಗೆ ಬೆಟ್ಟ ಎದುರಾಗುತ್ತದೆ. ಆದ್ದರಿಂದ ಈ ಚಾರಣದ ಯೋಜನೆಯನ್ನು ವಾಪಸಾತಿಯಿಂದ ಶುರುಮಾಡಬೇಕು.

ಕೊಲರಾಡೊ ನದಿ ಐವತ್ತು-ಅರವತ್ತು ಲಕ್ಷ ವರ್ಷಗಳಿಂದ ಕೊರೆಯುತ್ತ ಬಂದಿರುವ ಕಮರಿ ಇದು. ಉದ್ದ 446 ಕಿಲೋಮೀಟರ್, ಅಗಲ ಕೆಲವೆಡೆ 29 ಕಿಲೋಮೀಟರ್, ಆಳ ಒಂದೂವರೆ ಕಿಲೋಮೀಟರಿಗೂ ಹೆಚ್ಚು. ಅಂಚಿನ ಸುಣ್ಣಕಲ್ಲಿಗೆ ಸುಮಾರು 27 ಕೋಟಿ ವರ್ಷ ವಯಸ್ಸಾದರೆ, ತಳದ ಕಪ್ಪು ಶಿಲೆ 170 ಕೋಟಿ ವರ್ಷಗಳಷ್ಟು ಹಳೆಯದು. 1919ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು. 1979ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ದಕ್ಷಿಣದ ಅಂಚಿನಿಂದ ಇಳಿಯುವ ಬ್ರೈಟ್ ಏಂಜೆಲ್ ಹಾದಿ ಹೆಚ್ಚು ಜನ ತುಳಿಯುವ ದಾರಿ. ಅದು ಹೊರಡುವ ಜಾಗದ ಎತ್ತರ ಸುಮಾರು 2,090 ಮೀಟರ್. ಅಂದರೆ ಸಂಜೆ ಏದುಸಿರು ಬಿಡುತ್ತ ನೀವು ತಲುಪಬೇಕಾದ ಸ್ಥಳ ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತಲೂ ಎತ್ತರದಲ್ಲಿದೆ. 2.4 ಕಿಲೋಮೀಟರ್ ನಡೆದರೆ ಮೊದಲ ತಂಗುಮನೆ. ಅಷ್ಟರಲ್ಲಿ 340 ಮೀಟರ್ ಇಳಿದಿರುತ್ತೀರಿ. ಮೈಸೂರಿನಿಂದ ಚಾಮುಂಡಿ ಬೆಟ್ಟದ ಎತ್ತರವೂ ಹೆಚ್ಚುಕಡಿಮೆ ಇಷ್ಟೇ. 4.8 ಕಿಲೋಮೀಟರಿಗೆ ಎರಡನೆಯ ತಂಗುಮನೆ, ಅಂದರೆ ಎರಡು ಚಾಮುಂಡಿ ಬೆಟ್ಟ. 7.2 ಕಿಲೋಮೀಟರ್ ದೂರದ ಹವಸುಪೈ ಗಾರ್ಡನ್ಸ್ ಎಂಬ ಹಸಿರು ತಾಣಕ್ಕೆ ಮೂರು. ಅಲ್ಲಿಂದ ಮುಂದೆ ಪ್ಲಾಟೊ ಪಾಯಿಂಟ್. ಅಲ್ಲಿ ನಿಂತರೆ ನದಿ ಕಾಣುತ್ತದೆ, ಆದರೆ ಹೋಗಿಬರಲು ಸುಮಾರು 20 ಕಿಲೋಮೀಟರ್ ನಡೆಯಬೇಕು. ಒಂದೇ ದಿನದಲ್ಲಿ ನದಿಯವರೆಗೆ ಹೋಗಿ ಬರುವ ಸಾಹಸಕ್ಕಂತೂ ಇಳಿಯಬೇಡಿ ಎಂದು ಉದ್ಯಾನದವರು ಸ್ಪಷ್ಟವಾಗಿ ಎಚ್ಚರಿಸುತ್ತಾರೆ.

ಇಳಿಯಲು ಒಂದು ಗಂಟೆ ಹಿಡಿದರೆ ಹತ್ತಲು ಎರಡು ಗಂಟೆ ಎಂಬುದು ಅಲ್ಲಿನ ಸರಳ ಸೂತ್ರ. ಹೊರಡುವ ಮುನ್ನಾ ರಾತ್ರಿಯೇ ತಿರುಗುವ ಗಡಿಯಾರದ ಸಮಯವನ್ನು ಗೊತ್ತುಮಾಡಿಕೊಳ್ಳಿ. ಆ ಹೊತ್ತಾಯಿತೆಂದರೆ ಎಲ್ಲಿದ್ದೀರೋ ಅಲ್ಲಿಂದಲೇ ತಿರುಗಿ. "ಇನ್ನೊಂದೇ ತಿರುವು" ಎನ್ನುವ ಮಾತು ಕೆಳಗಿನ ಕಲ್ಲುಗಳಲ್ಲಿ ಬಲು ದುಬಾರಿ.

ಬೇಸಿಗೆಯಲ್ಲಿ ಅಂಚಿನಲ್ಲಿ ಹಿತವಾದ ಗಾಳಿಯಿದ್ದರೂ ತಳದಲ್ಲಿ ನೆರಳಿನ ಉಷ್ಣತೆಯೇ 40 ಡಿಗ್ರಿ ದಾಟುತ್ತದೆ. ಇಳಿದಷ್ಟೂ ಸೆಕೆ ಹೆಚ್ಚು. ಬೆಳಗಿನ ಹತ್ತರಿಂದ ಸಂಜೆ ನಾಲ್ಕರವರೆಗೆ ಕಮರಿಯೊಳಗೆ ನಡೆಯಲೇಬಾರದು ಎನ್ನುವುದು ಇದೇ ಕಾರಣಕ್ಕೆ. ಇಲ್ಲೇ ನಮ್ಮವರು ಗಮನಿಸಬೇಕಾದ ಸಂಗತಿಯಿದೆ. ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುವ ತಂದೆತಾಯಿಯರ ಪ್ರವಾಸ ಅನೇಕ ವೇಳೆ ಜೂನ್-ಜುಲೈಗೇ ಬೀಳುತ್ತದೆ. ಮೊಮ್ಮಕ್ಕಳಿಗೆ ಶಾಲೆಯ ರಜೆ ಆಗಲೇ. ಲಾಸ್ ವೇಗಸ್‌ನಿಂದ ಬೆಳಿಗ್ಗೆ ಕಾರು ಹತ್ತಿದರೆ 450 ಕಿಲೋಮೀಟರ್ ಕ್ರಮಿಸಿ ಅಂಚಿಗೆ ಬರುವ ಹೊತ್ತಿಗೆ ಮಧ್ಯಾಹ್ನ. ಆಗ "ಇಷ್ಟು ದೂರ ಬಂದಿದ್ದೇವೆ, ಸ್ವಲ್ಪ ಇಳಿದು ನೋಡೋಣ" ಎನ್ನಿಸುವುದು ಸಹಜ. ಆದರೆ ಅದೇ ತಪ್ಪು ಗಳಿಗೆ. ಹಿಂದಿನ ರಾತ್ರಿ ಹತ್ತಿರದಲ್ಲೇ ತಂಗಿ, ನಸುಕಿನಲ್ಲಿ ಹೊರಡಬೇಕು. ಆಯ್ಕೆಯಿದ್ದರೆ ಏಪ್ರಿಲ್ ಅಥವಾ ಅಕ್ಟೋಬರ್ ಒಳ್ಳೆಯದು. ಚಳಿಗಾಲದಲ್ಲಿ ಹಾದಿಯ ಮೇಲ್ಭಾಗ ಹಿಮಗಟ್ಟಿ ಜಾರುತ್ತದೆ.

ನೀರು ಗಂಟೆಗೆ ಅರ್ಧದಿಂದ ಒಂದು ಲೀಟರ್ ಬೇಕು. ತಂಗುಮನೆಗಳ ನಲ್ಲಿಗಳಲ್ಲಿ ನೀರು ಬರುವುದು ಬೆಚ್ಚಗಿನ ತಿಂಗಳುಗಳಲ್ಲಿ ಮಾತ್ರ. ಅದನ್ನು ತರುವ, 1960ರ ದಶಕದ ಹಳೆಯ ಕೊಳವೆಯೋ ಪದೇ ಪದೇ ಒಡೆದಿದೆ. ಹಾಗಾಗಿ ಅಂದಿನ ಸ್ಥಿತಿಯನ್ನು ವಿಚಾರಿಸಿಯೇ ಇಳಿಯಿರಿ. ಬರಿಯ ನೀರನ್ನೇ ಕುಡಿಯುತ್ತ ಹೋದರೂ ಅಪಾಯ: ಬೆವರಿನಲ್ಲಿ ಉಪ್ಪು ಹೋಗಿ, ರಕ್ತದಲ್ಲಿ ಉಳಿದದ್ದು ತೆಳುವಾಗಿ, ತಲೆಸುತ್ತು, ವಾಂತಿ, ಕೊನೆಗೆ ಪ್ರಜ್ಞೆ ತಪ್ಪುವವರೆಗೆ ಹೋಗಬಹುದು. ಊರಿಂದ ಒಯ್ದ ಚಕ್ಕುಲಿ, ಕೋಡುಬಳೆ, ಉಪ್ಪು ಹಚ್ಚಿದ ಕಡಲೆಬೀಜ ಇಲ್ಲಿ ಬಾಯಿಚಪಲದ ತಿಂಡಿಯಲ್ಲ, ಔಷಧಿ. ಜೊತೆಗೆ ಅಗಲ ಅಂಚಿನ ಟೋಪಿ, ಪಳಗಿದ ಬೂಟು, ಟಾರ್ಚ್ ಇರಲಿ. ಹೇಸರಗತ್ತೆಗಳ ಸಾಲು ಎದುರಾದರೆ ಗೋಡೆಯ ಬದಿಗೆ ಸರಿದು ಸುಮ್ಮನೆ ನಿಲ್ಲಿ.

ಎಚ್ಚರಿಕೆಯೆಲ್ಲ ವಯಸ್ಸಾದವರಿಗೆ ಎಂದು ತಿಳಿಯಬೇಡಿ. ಗಟ್ಟಿಮುಟ್ಟಾದ ತರುಣರೂ, ದೂರದ ಓಟ ಓಡಿ ಅಭ್ಯಾಸವಿದ್ದವರೂ ನೀರಿಲ್ಲದೆ ಇಲ್ಲಿ ಪ್ರಾಣ ಬಿಟ್ಟಿದ್ದಾರೆ. ಇಳಿಯುವುದು ನಿಮ್ಮಿಷ್ಟ, ಹತ್ತುವುದು ಕಡ್ಡಾಯ ಎಂಬುದು ಅಲ್ಲಿ ಹಾದಿಹೋಕರಿಗೆ ಹೇಳುವ ಬುದ್ಧಿಮಾತು.

ಈ ಹಾದಿಯನ್ನು ಮೊದಲು ಸವೆಸಿದವರು ಹವಸುಪೈ ಜನ. ಬೇಸಿಗೆಯಲ್ಲಿ ಕೆಳಗೆ ತೊರೆಯ ಬದಿಯಲ್ಲಿ ಬೆಳೆ ತೆಗೆದು, ಚಳಿಗಾಲಕ್ಕೆ ಮೇಲಿನ ಬಯಲಿಗೆ ಬೇಟೆಗೆ ಹೋಗುತ್ತಿದ್ದರು. ಋತುಮಾನಕ್ಕೆ ತಕ್ಕಂತೆ ಹತ್ತಿಳಿಯುವ ಲೆಕ್ಕ ಅವರದು. ಉದ್ಯಾನ ಬಂದ ಮೇಲೆ, 1928ರ ಹೊತ್ತಿಗೆ, ಆ ತೋಟಗಳಲ್ಲಿ ಉಳಿದಿದ್ದ ಕೊನೆಯವರನ್ನೂ ಹೊರಹಾಕಲಾಯಿತು. 'ಇಂಡಿಯನ್ ಗಾರ್ಡನ್' ಎಂದು ಕರೆಯುತ್ತಿದ್ದ ಜಾಗಕ್ಕೆ ಅವರ ಹೆಸರು ಮರಳಿದ್ದು 2022ರಲ್ಲಿ. ಅಲ್ಲಿನ ಮರಗಳ ನೆರಳಿನಲ್ಲಿ ಕೂರುವ ಯಾತ್ರಿಕನಿಗೆ ಇಷ್ಟು ತಿಳಿದಿರಬೇಕು.

ಮೊದಲ ಸಲ ಹೋಗುವವರಿಗೆ ಮೊದಲ ತಂಗುಮನೆಯೇ ಸಾಕು. ಅಷ್ಟಕ್ಕೇ ಬಂಡೆಗಳ ಬಣ್ಣ ಬದಲಾಗಿ, ಅಂಚಿನ ಗದ್ದಲ ಕೇಳಿಸದಾಗಿ, ಕೋಟ್ಯಂತರ ವರ್ಷಗಳು ಪದರ ಪದರವಾಗಿ ಕೈಗೆ ಸಿಗುತ್ತವೆ. ನದಿಯ ತನಕ ಹೋಗಲಿಲ್ಲವಲ್ಲ ಎಂಬ ಕೊರಗು ಮರುದಿನಕ್ಕೆ ಮರೆಯುತ್ತದೆ. ಬಿಸಿಲೇರುವ ಮುನ್ನ ಎಲ್ಲರೂ ಮೇಲೆ ಬಂದು ಸೇರಿದಿರಾದರೆ ಆ ದಿನದ ಯೋಜನೆ ಗೆದ್ದಂತೆಯೇ.